ಹೆಪ್ಟಿಂಗ್ ಪ್ರಕರಣ: ಕಂಪನಿಯ ಮೇಲಿನ ಕದ್ದಾಲಿಕೆ ದಾವೆ ವಜಾ ಆದದ್ದು ಹೇಗೆ?

ನವನಗರದ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತ ಮೂರು ದಿನ ನಾನು ಒಂದೇ ಕಲಮಿನಲ್ಲಿ ಸಿಕ್ಕಿಬಿದ್ದಿದ್ದರಿಂದ, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

2006ರ ಜನವರಿ 31ರಂದು ಡಿಜಿಟಲ್ ಹಕ್ಕುಗಳ ಸಂಘಟನೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಟ್ಯಾಶ್ ಹೆಪ್ಟಿಂಗ್ ಮೊದಲಾದ ಗ್ರಾಹಕರ ಪರವಾಗಿ ಅಮೆರಿಕದ ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿ ಮೇಲೆ ದಾವೆ ಹೂಡಿತು; ಸರ್ಕಾರದ ಕದ್ದಾಲಿಕೆಗೆ ಕಂಪನಿ ಕಾನೂನುಬಾಹಿರವಾಗಿ ನೆರವಾಯಿತು ಎಂಬುದು ಆರೋಪ. ಕಂಪನಿಯ ನಿವೃತ್ತ ತಂತ್ರಜ್ಞ ಮಾರ್ಕ್ ಕ್ಲೈನ್ ಕೊಟ್ಟ ಹೇಳಿಕೆಯೇ ಅದರ ಬಲ: ಸ್ಯಾನ್ ಫ್ರಾನ್ಸಿಸ್ಕೋದ ಫೋಲ್ಸಮ್ ಬೀದಿಯ ಕಟ್ಟಡದಲ್ಲಿ ಇಂಟರ್ನೆಟ್ ಸಂದೇಶಗಳನ್ನು ಹೊರುವ ಗಾಜಿನ ಎಳೆಯ ಬೆಳಕನ್ನು ಎರಡಾಗಿ ಸೀಳಿ, ಒಂದು ಪಾಲನ್ನು ಸರ್ಕಾರದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಗೆ ಸೇರಿದ 641ಎ ಎಂಬ ಗುಪ್ತ ಕೋಣೆಗೆ ಹರಿಸಲಾಗುತ್ತಿತ್ತು. ಇದು ಸರ್ಕಾರಿ ರಹಸ್ಯ, ವಿಚಾರಣೆಯೇ ಕೂಡದು ಎಂಬ ಸರ್ಕಾರದ ವಾದವನ್ನು ನ್ಯಾಯಾಧೀಶ ವಾನ್ ವಾಕರ್ ಅದೇ ವರ್ಷದ ಜುಲೈನಲ್ಲಿ ತಳ್ಳಿಹಾಕಿದರು.

ಇಷ್ಟರವರೆಗೆ ಸಲೀಸು. 2008ರ ಜುಲೈನಲ್ಲಿ ಅಮೆರಿಕದ ಸಂಸತ್ತು ವಿದೇಶಿ ಬೇಹುಗಾರಿಕೆಯ ಕಣ್ಗಾವಲು ಕಾಯ್ದೆಗೆ (ಫೀಸಾ) ಕಲಂ 802ನ್ನು ತಂದು, ಅದಾಗಲೇ ನಡೆಯುತ್ತಿದ್ದ ದಾವೆಗಳಿಗೂ ಅನ್ವಯಿಸಿತು. ಕಲಮಿನಲ್ಲಿ ಹೇಳಿದ ಆಯ್ಕೆಗಳಲ್ಲೊಂದು ಕಂಪನಿಗೆ ಅನ್ವಯಿಸುತ್ತದೆ ಎಂದು ಅಟಾರ್ನಿ ಜನರಲ್ (ಅಲ್ಲಿ ಸರ್ಕಾರದ ನ್ಯಾಯ ಇಲಾಖೆಯ ಮುಖ್ಯಸ್ಥರು) ಪ್ರಮಾಣಪತ್ರ ಕೊಟ್ಟರೆ ದಾವೆ ವಜಾ. ‘ಹಾಗಾದರೆ ಕಂಪನಿ ಸಹಕರಿಸಿದ್ದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತಲ್ಲ’ ಎಂದು ನಾನು ಅಂಚಿನಲ್ಲಿ ಬರೆದುಕೊಂಡಿದ್ದೆ, ಅದು ತಪ್ಪು.

ಒಂದು ಕಲ್ಪಿತ ಉದಾಹರಣೆ ನೋಡಿ. ಧಾರವಾಡದ ಹಾಸ್ಟೆಲೊಂದರ ವಾರ್ಡನ್ ನಿಮ್ಮ ಟ್ರಂಕನ್ನು ಪೊಲೀಸರಿಗೆ ತೆರೆದುಕೊಟ್ಟರೆಂದು ನೀವು ದಾವೆ ಹೂಡಿದ್ದೀರಿ. ಹಿರಿಯ ಅಧಿಕಾರಿಯೊಬ್ಬರು ಮೊಹರು ಹಾಕಿದ ಲಕೋಟೆ ತಂದು, ‘ವಾರ್ಡನ್ನರ ಬಳಿ ನ್ಯಾಯಾಲಯದ ಆದೇಶವಿತ್ತು, ಅಥವಾ ಇದು ಕಾನೂನುಬದ್ಧವೆಂದು ತಿಳಿಸುವ ಸರ್ಕಾರಿ ಪತ್ರವಿತ್ತು, ಅಥವಾ ಅವರು ಟ್ರಂಕನ್ನು ಮುಟ್ಟಿಯೇ ಇಲ್ಲ, ಇವುಗಳಲ್ಲಿ ಯಾವುದೋ ಒಂದು ನಿಜ’ ಎನ್ನುತ್ತಾರೆ. ಲಕೋಟೆಯ ಒಳಗಿನದು ನ್ಯಾಯಾಧೀಶರಿಗೆ ಮಾತ್ರ ಗೊತ್ತು, ಅವರೂ ಅದನ್ನು ತೀರ್ಪಿನಲ್ಲಿ ಬಯಲು ಮಾಡುವಂತಿಲ್ಲ. ಕಲಂ 802ರಲ್ಲಿ ಇಂಥ ಆಯ್ಕೆಗಳು ಐದಿದ್ದು, ಐದನೆಯದು ‘ಸಹಾಯವನ್ನೇ ಕೊಟ್ಟಿಲ್ಲ’ ಎಂಬುದು. ಆದ್ದರಿಂದ ವಜಾ ಆದೇಶದಿಂದ ಕದ್ದಾಲಿಕೆ ನಡೆಯಿತೆಂದಾಗಲಿ, ನಡೆಯಲಿಲ್ಲವೆಂದಾಗಲಿ ತಿಳಿಯುವುದಿಲ್ಲ. ನಾಲ್ಕನೆಯ ಆಯ್ಕೆ ಇನ್ನೂ ಜಾರುವಂಥದ್ದು: 2001ರ ಸೆಪ್ಟೆಂಬರ್ 11ರಿಂದ 2007ರ ಜನವರಿ 17ರ ನಡುವೆ ಅಧ್ಯಕ್ಷರು ಅಧಿಕಾರ ಕೊಟ್ಟ ಕೆಲಸವದು, ಕಾನೂನುಬದ್ಧವೆಂದು ನಿರ್ಧರಿಸಲಾಗಿದೆ ಎಂದು ಕಂಪನಿಗೆ ಬಂದ ಸರ್ಕಾರಿ ಪತ್ರದಲ್ಲಿ ಬರೆದಿದ್ದರೆ ಸಾಕು. ಆ ಕೆಲಸ ನಿಜಕ್ಕೂ ಕಾನೂನುಬದ್ಧವೇ ಎಂಬುದನ್ನು ನ್ಯಾಯಾಲಯ ತೂಗುವುದಿಲ್ಲ; ಪತ್ರವಿತ್ತು ಎಂಬ ಹೇಳಿಕೆಗೆ ಸಾಕಷ್ಟು ಆಧಾರವಿದೆಯೇ ಎಂದಷ್ಟೇ ನೋಡುತ್ತದೆ. ನನಗೆ ಇದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಪ್ರತಿವಾದಿಯ ಗೆಳೆಯನ ಕೈಗೆ ಕೊಟ್ಟಂತೆ ಕಾಣುತ್ತದೆ.

ವಾಕರ್ 2009ರ ಜೂನ್‌ನಲ್ಲಿ ದಾವೆಯನ್ನು ವಜಾ ಮಾಡಿದರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ವಿನಾಯಿತಿ ಸಿಕ್ಕಿದ್ದು ಕಂಪನಿಗಳಿಗೆ, ಸರ್ಕಾರಕ್ಕಲ್ಲ; ಸರ್ಕಾರದ ಮೇಲಿನ ಜುವೆಲ್ ಪ್ರಕರಣ ಬೇರೆಯೇ ಹಾದಿ ಹಿಡಿಯಿತು.

ನಮ್ಮಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಅರ್ಜಿಯ ಮೇಲೆ ಬಂದ 1996ರ ತೀರ್ಪು, ತುರ್ತು ಸಂದರ್ಭ ಬಿಟ್ಟರೆ ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಕದ್ದಾಲಿಕೆ ಸಲ್ಲದು ಎಂದಿತು. ಕಂಪನಿಯ ಹೊಣೆಯ ಪ್ರಶ್ನೆಗೆ ರಾಜಕಾರಣಿ ಅಮರ್ ಸಿಂಗ್ ಅವರ ಫೋನ್ ಕದ್ದಾಲಿಕೆಯ ಕುರಿತ 2011ರ ತೀರ್ಪನ್ನು ಓದಿ: ಅಲ್ಲಿ ಕದ್ದಾಲಿಕೆಯ ಆದೇಶಪತ್ರವೇ ಖೋಟಾ, ತಪ್ಪುಗಳಿಂದ ತುಂಬಿತ್ತು. ಅಂಥ ಪತ್ರ ಬಂದಾಗ ಫೋನ್ ಕಂಪನಿ ಅದರ ಸಾಚಾತನವನ್ನು ವಿಚಾರಿಸಿಕೊಳ್ಳಬೇಕಿತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಅರ್ಜಿಯೂ ವಜಾ ಆಯಿತು, ಆದರೆ ಅರ್ಜಿದಾರರು ಸಂಗತಿಗಳನ್ನು ಮುಚ್ಚಿಟ್ಟರೆಂಬ ಕಾರಣಕ್ಕೆ.