ಹಿಂದೆ ಸರ್ಕಾರವೇ ಇಲ್ಲದ ದುಡ್ಡಿಗೆ ಬೆಲೆ ಎಲ್ಲಿಂದ ಬಂತು?

ಪ್ರಶ್ನೆ: ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ಹಣದ ಹಿಂದೆ ಸರ್ಕಾರವೂ ಇಲ್ಲ, ಚಿನ್ನವೂ ಇಲ್ಲ. ಮತ್ತೆ ಅದಕ್ಕೆ ಬೆಲೆ ಹೇಗೆ? ಜನರಿಗೆ ಅದರಿಂದ ನಿಜವಾಗಿ ಉಪಯೋಗ ಇದೆಯಾ, ಇಲ್ಲಾ ಬರೀ ಜೂಜಾ?

ಉತ್ತರ: ಊರಿನ ಚೀಟಿ ವ್ಯವಹಾರದಲ್ಲಿ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿರುತ್ತದೆ. ಅವರು ಕೈ ಕೊಟ್ಟರೆ ಎಲ್ಲರೂ ಮುಳುಗಿದ ಹಾಗೆ. ಅದೇ ಪುಸ್ತಕದ ಪ್ರತಿ ಸದಸ್ಯರೆಲ್ಲರ ಹತ್ತಿರವೂ ಇದ್ದರೆ? ಒಬ್ಬರು ತಿದ್ದಿದ್ದು ಉಳಿದವರ ಲೆಕ್ಕಕ್ಕೆ ತಾಳೆಯಾಗುವುದಿಲ್ಲ, ಸಿಕ್ಕಿಬೀಳುತ್ತಾರೆ. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ನಡೆಯುವುದು ಹೀಗೆಯೇ. ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕ, ಸುಮಾರು 10 ನಿಮಿಷಕ್ಕೊಮ್ಮೆ ಹೊಸ ಪುಟ. ಒಟ್ಟು 2.1 ಕೋಟಿಗಿಂತ ಜಾಸ್ತಿ ಬಿಟ್‌ಕಾಯಿನ್ ಹುಟ್ಟುವ ಹಾಗಿಲ್ಲ.

ಬೆಲೆ ನಿಂತಿರುವುದು ಕೊಳ್ಳುವವರ ಮೇಲೆ ಮಾತ್ರ. 2021ರ ನವೆಂಬರಿನಲ್ಲಿ 68 ಸಾವಿರ ಡಾಲರ್ ದಾಟಿದ್ದು ಒಂದೇ ವರ್ಷದಲ್ಲಿ 17 ಸಾವಿರಕ್ಕಿಂತ ಕೆಳಗಿಳಿಯಿತು. ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕಿನಂಥದ್ದು ಅದಕ್ಕಿಲ್ಲ.

ಉಪಯೋಗ ಖಂಡಿತ ಇದೆ. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿತಲ್ಲ, ಎರಡೇ ದಿನಕ್ಕೆ ಉಕ್ರೇನ್ ಸರ್ಕಾರ ತನ್ನ ಬಿಟ್‌ಕಾಯಿನ್ ವಿಳಾಸವನ್ನು (ಖಾತೆ ಸಂಖ್ಯೆ ಇದ್ದ ಹಾಗೆ) ಟ್ವಿಟರ್‌ನಲ್ಲಿ ಹಾಕಿತು. ಬೇರೆ ಬೇರೆ ದೇಶಗಳಿಂದ ಕೋಟಿಗಟ್ಟಲೆ ಡಾಲರ್ ಬಂತು. ಗುಂಡು ನಿರೋಧಕ ಜಾಕೆಟ್, ಊಟದ ಪೊಟ್ಟಣ, ಔಷಧಿ ಕೊಂಡರು. ಯುದ್ಧದ ನಡುವೆ, ಬ್ಯಾಂಕ್ ರಜೆ ಅನ್ನುವ ಮಾತೇ ಇಲ್ಲದೆ ಹಣ ತಲುಪುವುದು ಸಣ್ಣ ಸಂಗತಿಯಲ್ಲ.

ಆದರೆ ಎಲ್ ಸಾಲ್ವಡಾರ್ ಕಥೆಯೂ ಗೊತ್ತಿರಬೇಕು. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದ ಮೇಲೆ ಆ ದೇಶ ತುಂಬಾ ನಿಂತಿದೆ. ಕಳಿಸುವ ಖರ್ಚು ಉಳಿಯಲಿ ಅಂತ 2021ರ ಸೆಪ್ಟೆಂಬರಿನಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣ ಮಾಡಿದರು. ಅದಕ್ಕಾಗಿ ಸರ್ಕಾರ ತಂದ ಆ್ಯಪ್ ಹಾಕಿಕೊಂಡವರಿಗೆ 30 ಡಾಲರ್ ಕೊಟ್ಟರು. ಬಹಳಷ್ಟು ಜನ ಆ 30 ಡಾಲರ್ ಖರ್ಚು ಮಾಡಿ ಆ್ಯಪ್ ಬಿಟ್ಟರು. ಇವತ್ತಿನ ಸಂಬಳ ನಾಳೆ ಎಷ್ಟಾಗುತ್ತದೋ ಗೊತ್ತಿಲ್ಲದಿದ್ದರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವರು ಅದನ್ನು ಪಡೆಯಲೇಬೇಕು ಅನ್ನುವ ಕಡ್ಡಾಯ ತೆಗೆದರು.

ನಮ್ಮಲ್ಲಿ ಸೊಪ್ಪು ಮಾರುವವರ ಹತ್ತಿರವೂ ಯುಪಿಐ ಇದೆ. ಹಾಗಾಗಿ ಇಲ್ಲಿ ಹೆಚ್ಚಿನವರು ಬೆಲೆ ಏರುವ ಆಸೆಗೆ ಕೊಳ್ಳುತ್ತಾರೆ, ಅದನ್ನು ಹೂಡಿಕೆಗಿಂತ ಜೂಜು ಅನ್ನುವುದೇ ಸರಿ ಅಂತ ನನಗನ್ನಿಸುತ್ತದೆ. ಲಾಭಕ್ಕೆ ಶೇ. 30 ತೆರಿಗೆ ಉಂಟು. ಇಂಥ ಒಂದು ಡಿಜಿಟಲ್ ಹಣದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ.

ಕೊಳ್ಳಲೇಬೇಕು ಅನ್ನುವವರು ಒಂದು ನೆನಪಿಡಿ. ಬಿಟ್‌ಕಾಯಿನ್ ಇಡಲು ಸ್ವಂತ ವ್ಯಾಲೆಟ್ ಮಾಡಿದಾಗ 12 ಅಥವಾ 24 ಪದಗಳು ಬರುತ್ತವೆ, ಅವೇ ನಿಮ್ಮ ಹಣದ ಬೀಗದ ಕೈ. ಕಾಗದದಲ್ಲಿ ಬರೆದು ಭದ್ರವಾಗಿಡಿ. 'ಕಸ್ಟಮರ್ ಕೇರ್' ಅಂತ ಯಾರಾದರೂ ಫೋನ್ ಮಾಡಿ ಆ ಪದಗಳನ್ನು ಕೇಳಿದರೆ, ಅವರು ಕಳ್ಳರೇ.