ಗಮನ ಕೊಟ್ಟರೆ ಗಾಯ ಮಾಡಿಕೊಳ್ಳುವುದು ಹೆಚ್ಚುತ್ತದೆಯೇ?

ಪ್ರಶ್ನೆ: ಮನೋರೋಗ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ. ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವಿರುವ (ಭಾವನೆ, ಸಂಬಂಧಗಳು ತೀವ್ರವಾಗಿ ಏರಿಳಿಯುವ ಮಾನಸಿಕ ತೊಂದರೆ) ಮಹಿಳೆಯೊಬ್ಬರು ಆಗಾಗ ಕೈ ಕುಯ್ದುಕೊಳ್ಳುತ್ತಾರೆ. ಆಟಿಸಂ ಇರುವ, ಮಾತು ಬಾರದ ಯುವಕನೊಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. "ಎಲ್ಲ ಗಮನ ಸೆಳೆಯೋಕೆ, ತಲೆ ಕೆಡಿಸ್ಕೋಬೇಡಿ" ಎನ್ನುತ್ತಾರೆ ಹಿರಿಯ ಸಿಸ್ಟರ್. ನೋಡಿಯೂ ನೋಡದಂತೆ ಇರಬೇಕೇ?

ಉತ್ತರ: ಬೇಡ. ಇಬ್ಬರ ವಿಷಯದಲ್ಲೂ ಬೇಡ, ಆದರೆ ಕಾರಣ ಬೇರೆ ಬೇರೆ. ಹಿರಿಯರ ಮಾತಿನಲ್ಲಿ ಒಂದೆಳೆ ಸತ್ಯವಿದೆ. ಗಾಯವಾದಾಗ ಎಲ್ಲರೂ ಓಡಿಬಂದು, ಉಳಿದ ಹೊತ್ತು ಯಾರೂ ತಿರುಗಿ ನೋಡದಿದ್ದರೆ ಗಾಯವೇ ಕರೆಗಂಟೆಯಾಗಿಬಿಡುತ್ತದೆ. ಹಾಗಾಗಿ ಗಾಯವಿಲ್ಲದ ಹೊತ್ತಿನಲ್ಲಿ ಅವರ ಹತ್ತಿರ ಹೋಗಬೇಕು.

ಮೊದಲು ಆ ಮಹಿಳೆಯ ವಿಷಯ. ಬಾರ್ಡರ್‌ಲೈನ್ ಇರುವವರು ಕುಯ್ದುಕೊಳ್ಳುವುದು ಬಹುಪಾಲು ತಡೆಯಲಾಗದ ಸಂಕಟವನ್ನು ಇಳಿಸಿಕೊಳ್ಳಲು. ಕೆಲವರಿಗೆ ಮರಗಟ್ಟಿದ ಮನಸ್ಸಿನಿಂದ ಹೊರಬರಲು. ಸಾಯುವ ಉದ್ದೇಶ ಪ್ರತಿ ಸಲ ಇರುವುದಿಲ್ಲ. ಆದರೆ ಇವರಲ್ಲಿ ಆತ್ಮಹತ್ಯೆಯ ಅಪಾಯ ನಿಜವಾಗಿಯೂ ಹೆಚ್ಚು, ಆದ್ದರಿಂದ "ಇದು ಇಪ್ಪತ್ತನೇ ಸಲ" ಎಂಬ ಲೆಕ್ಕ ಯಾರನ್ನೂ ಕಾಪಾಡದು. ಪ್ರತಿ ಸಲವೂ ಹೊಸದಾಗಿ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸಿತ್ತಾ? ಈಗಲೂ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಆಲೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ.

ಗಾಯಕ್ಕೆ ಬೇರೆ ಯಾವ ರೋಗಿಗೂ ಮಾಡುವಷ್ಟೇ ಆರೈಕೆ. ಶುದ್ಧ ಗಾಜ್ ಬಟ್ಟೆ ಇಟ್ಟು ಹತ್ತು ನಿಮಿಷ ಎತ್ತಿ ನೋಡದೆ ಒತ್ತಿಹಿಡಿಯಿರಿ. ಗಾಯದ ಆಚೆ ಬೆರಳಿಗೆ ಸ್ಪರ್ಶ ತಿಳಿಯುತ್ತದೆಯೇ, ಬೆರಳು ಮಡಚಲು ಬರುತ್ತದೆಯೇ ನೋಡಿ. ಇಲ್ಲವಾದರೆ ನರ ಅಥವಾ ಸ್ನಾಯುರಜ್ಜು ತುಂಡಾಗಿರಬಹುದು, ವೈದ್ಯರನ್ನು ತಕ್ಷಣ ಕರೆಯಿರಿ. ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಆಗಿದೆಯೇ ವಿಚಾರಿಸಿ. ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಡದೆ "ಬುದ್ಧಿ ಬರಲಿ" ಎನ್ನುವುದು ಕ್ರೌರ್ಯ. ಅಂಥದ್ದು ಕಂಡರೆ ತಡೆಯಿರಿ.

ಈ ಹೊತ್ತಿನಲ್ಲಿ ಬೈಗುಳವೂ ಬೇಡ, ಗೋಳಾಟವೂ ಬೇಡ. ಸಮನಾದ ದನಿಯಲ್ಲಿ ಡ್ರೆಸ್ಸಿಂಗ್ ಮುಗಿಸಿ. ಉದ್ವೇಗ ಇಳಿದ ಮೇಲೆ ಘಟನೆಯನ್ನು ಹಿಂದಿನಿಂದ ಮುಂದಕ್ಕೆ ಬಿಡಿಸಿ: ಬೆಳಿಗ್ಗೆ ಹೇಗಿತ್ತು, ಯಾರ ಫೋನ್ ಬಂತು, ಏನು ಅನ್ನಿಸಿತು, ಕುಯ್ದುಕೊಳ್ಳುವ ಯೋಚನೆ ಯಾವ ಗಳಿಗೆಯಲ್ಲಿ ಬಂತು, ಎಲ್ಲಿ ನಿಮ್ಮನ್ನು ಕರೆಯಬಹುದಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಇದನ್ನೇ ಸರಪಳಿಯಂತೆ ಬಿಡಿಸುತ್ತಾರೆ. ಮುಂದಿನ ಸಲ ಸರಪಳಿಯ ಯಾವ ಕೊಂಡಿಯನ್ನು ಮುರಿಯಬಹುದು ಎಂಬುದು ಆಗ ರೋಗಿಗೇ ಕಾಣುತ್ತದೆ.

ಪ್ರತಿ ಶಿಫ್ಟ್‌ನಲ್ಲಿ ಹದಿನೈದು ನಿಮಿಷ ಅವರಿಗೆಂದೇ ಇಡಿ. ಸಮಯ ಮೊದಲೇ ಹೇಳಿ, ಗಾಯ ಆಗಿರಲಿ ಬಿಡಲಿ ಆ ಹೊತ್ತಿಗೆ ಹೋಗಿ. ಆಗದಿದ್ದರೆ ಮುಂಚೆಯೇ ತಿಳಿಸಿ. ಮಾತು ತಪ್ಪುವುದು ನಿಮಗೆ ಸಣ್ಣದು. ಕೈಬಿಟ್ಟಾರೆಂಬ ಭಯದಲ್ಲೇ ಇರುವವರಿಗೆ ಅದು ಕೈಬಿಟ್ಟಂತೆಯೇ.

"ನೀವೊಬ್ರೇ ಒಳ್ಳೆಯವರು, ರಾತ್ರಿ ಡ್ಯೂಟಿಯವರು ರಾಕ್ಷಸರು" ಎಂಬ ಮಾತೂ ಬರುತ್ತದೆ. ಜನರನ್ನು ಪೂರ್ತಿ ಒಳ್ಳೆಯವರು, ಪೂರ್ತಿ ಕೆಟ್ಟವರು ಎಂದು ಸೀಳಿ ನೋಡುವುದು ಈ ತೊಂದರೆಯ ಭಾಗ. ಹೊಗಳಿಕೆಗೆ ಕರಗಿ ನೀವೊಬ್ಬರೇ ನಿಯಮ ಸಡಿಲಿಸಿದರೆ, ಮರುದಿನ ರಾಕ್ಷಸರ ಸರದಿ ನಿಮ್ಮದು. ಮೂರೂ ಶಿಫ್ಟ್‌ಗೆ ಲಿಖಿತವಾದ ಒಂದೇ ಯೋಜನೆ ಇರಲಿ, ಅದನ್ನು ರೋಗಿಯ ಜೊತೆ ಕೂತೇ ಬರೆಯಿರಿ. ಆದರೆ ಎಚ್ಚರ: ದೂರು ನಿಜವೂ ಇರಬಹುದು. ಹೊಡೆದರು, ಅವಮಾನ ಮಾಡಿದರು ಎಂದರೆ ರೋಗದ ಲಕ್ಷಣವೆಂದು ತಳ್ಳಿಹಾಕದೆ ಮೇಲಿನವರಿಗೆ ವರದಿ ಮಾಡಿ.

ಔಷಧದಿಂದ ಇಲ್ಲಿ ಹೆಚ್ಚು ನಿರೀಕ್ಷಿಸಬೇಡಿ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2009ರ ಮಾರ್ಗಸೂಚಿ, ಬಾರ್ಡರ್‌ಲೈನ್‌ಗೆಂದೇ ಔಷಧ ಕೊಡಬೇಡಿ ಎನ್ನುತ್ತದೆ. ಬಿಕ್ಕಟ್ಟಿನಲ್ಲಿ ಶಾಮಕ ಕೊಟ್ಟರೂ ಒಂದು ವಾರ ಮೀರಬಾರದು. ಲೊರಾಜಿಪಾಮ್‌ನಂಥ ಶಾಮಕ ಗುಳಿಗೆ ಕೆಲವರಲ್ಲಿ ಇರುವ ಹಿಡಿತವನ್ನೂ ಸಡಿಲಿಸಿ ಕೆರಳಿಸುತ್ತದೆ.

ಇನ್ನು ಆ ಯುವಕ. ಇಲ್ಲಿ ಶುರುಮಾಡಬೇಕಾದದ್ದು ಮೈಯಿಂದ. ಮಾತು ಬಾರದವರಿಗೆ ನೋವು ಹೇಳಿಕೊಳ್ಳಲು ಇರುವ ದಾರಿ ಬಹಳ ಕಡಿಮೆ. ತಲೆ ಚಚ್ಚಿಕೊಳ್ಳುವುದು ಹೊಸದಾಗಿ ಶುರುವಾಗಿದ್ದರೆ ಅಥವಾ ಹಠಾತ್ತನೆ ಹೆಚ್ಚಿದ್ದರೆ ಹಲ್ಲು, ಕಿವಿ ನೋಡಿಸಿ. ಕೊನೆಯ ಸಲ ಮಲವಿಸರ್ಜನೆ ಯಾವ ದಿನ ಆಯಿತು ಎಂದು ಬರೆದಿಡಿ. ಮಲಬದ್ಧತೆ ತುಂಬ ಸಾಮಾನ್ಯ, ತುಂಬ ಸಲ ತಪ್ಪಿಹೋಗುವ ಕಾರಣ. ಊಟವಾದ ಮೇಲೆ ಹೆಚ್ಚಾದರೆ ಎದೆಯುರಿ ಇರಬಹುದು. ಮೂತ್ರದ ಸೋಂಕು, ಫಿಟ್ಸ್ ಇವೂ ಪಟ್ಟಿಯಲ್ಲಿರಲಿ. ಇತ್ತೀಚೆಗೆ ಆಂಟಿಸೈಕೋಟಿಕ್ (ಮನೋವಿಕಾರಕ್ಕೆ ಕೊಡುವ ಔಷಧ) ಶುರುಮಾಡಿದ್ದರೆ ಅಥವಾ ಡೋಸ್ ಏರಿಸಿದ್ದರೆ ಅಕಥೀಸಿಯಾವನ್ನು ನೆನೆಯಿರಿ: ಕೂರಲಾಗದೆ ಕಾಲು ಅಲ್ಲಾಡಿಸುತ್ತ ಓಡಾಡುವ ಚಡಪಡಿಕೆ. ಅದನ್ನು ರೋಗ ಉಲ್ಬಣಿಸಿತೆಂದು ತಿಳಿದು ಅದೇ ಔಷಧ ಏರಿಸಿದರೆ ಸಂಕಟ ಇಮ್ಮಡಿಯಾಗುತ್ತದೆ. ನೋವಾದಾಗ ಇವನು ಹೇಗೆ ಆಡುತ್ತಾನೆ ಎಂದು ತಾಯಿಯನ್ನು ಕೇಳಿ. ಯಾವ ಅಳತೆಪಟ್ಟಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೈಯಲ್ಲಿ ಏನೂ ಸಿಗದಿದ್ದರೆ ಸುತ್ತಲಿನದನ್ನು ನೋಡಿ. ಪ್ರತಿ ಸಲ ಮೂರು ಸಂಗತಿ ಬರೆಯಿರಿ: ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. "ಗಲಾಟೆ ಮಾಡಿದ" ಎಂಬ ಬರಹದಿಂದ ಪ್ರಯೋಜನವಿಲ್ಲ. "11.20ಕ್ಕೆ ಊಟದ ಟ್ರಾಲಿ ಬಂತು, ಕಿವಿ ಮುಚ್ಚಿಕೊಂಡ, ನಾಲ್ಕು ಸಲ ತಲೆ ಚಚ್ಚಿದ, ರೂಮಿಗೆ ಕರೆದೊಯ್ದಾಗ ನಿಂತಿತು" ಎಂದಿರಲಿ. ಇಂಥ ಹತ್ತು ನಮೂದಾದರೆ ಅವನು ಸದ್ದಿನಿಂದ ತಪ್ಪಿಸಿಕೊಳ್ಳುತ್ತಿದ್ದಾನೆಂದು ತಾನಾಗಿ ಗೊತ್ತಾಗುತ್ತದೆ. ಆಗ ಟ್ರಾಲಿ ಬರುವ ಮೊದಲೇ ಅವನನ್ನು ಒಳಗೆ ಕರೆದೊಯ್ಯಿರಿ. "ಸಾಕು" ಎಂದು ತಿಳಿಸುವ ಚಿತ್ರದ ಕಾರ್ಡೊಂದನ್ನು ಕೊಟ್ಟು ಬಳಸಲು ಕಲಿಸಿ. ಕಾರ್ಡ್ ತೋರಿಸಿದ ತಕ್ಷಣ ಅದರಂತೆ ನಡೆಯಿರಿ. ಎರಡು ಸಲ ಹಾಗೆ ನಡೆಯದಿದ್ದರೆ ಮತ್ತೆ ಗೋಡೆಯೇ ಗತಿ.

ಚಚ್ಚಿಕೊಳ್ಳುತ್ತಿರುವಾಗ ತಲೆಗೂ ಗೋಡೆಗೂ ನಡುವೆ ದಿಂಬು ಹಿಡಿಯಿರಿ. ಸುತ್ತಲಿದ್ದವರನ್ನು ಕಳಿಸಿ, ಒಬ್ಬರೇ ಮಾತಾಡಿ, ಒಂದೆರಡು ಪದ ಸಾಕು. ಹೇಳಿ ಹತ್ತು ಸೆಕೆಂಡ್ ಕಾಯಿರಿ. ಅಷ್ಟರಲ್ಲಿ ಮತ್ತೆ ಹೇಳಿದರೆ ಅರ್ಥ ಮಾಡಿಕೊಳ್ಳುವ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಬೋರಲು ಮಲಗಿಸಿ ಬೆನ್ನ ಮೇಲೆ ಒತ್ತುವುದು ಮಾತ್ರ ಎಂದಿಗೂ ಬೇಡ, ಉಸಿರು ಕಟ್ಟಿ ಸತ್ತವರಿದ್ದಾರೆ. ತಲೆಗೆ ಒಳಪೆಟ್ಟಾಗಿರಬಹುದು, ಹಾಗಾಗಿ ಆಮೇಲೆ ವಾಂತಿ, ಮಂಪರು, ಕಣ್ಣಪಾಪೆಗಳ ಅಳತೆಯಲ್ಲಿ ವ್ಯತ್ಯಾಸ ಇವುಗಳ ಮೇಲೆ ಕಣ್ಣಿಡಿ.

ಒಂದು ಮಾತು ಸೇರಿಸಬೇಕು. ಎರಡು ತೊಂದರೆಗಳ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಿರುವುದಿಲ್ಲ. ಚೆನ್ನಾಗಿ ಮಾತಾಡುವ ಆಟಿಸಂ ಮಹಿಳೆಯರಿಗೆ ಬಾರ್ಡರ್‌ಲೈನ್ ಎಂಬ ಹಣೆಪಟ್ಟಿ ಬಿದ್ದದ್ದುಂಟು, ಎರಡೂ ಒಟ್ಟಿಗೆ ಇರುವುದೂ ಉಂಟು. ಆ ಮಹಿಳೆಯ ಸಂಕಟ ಸಂಬಂಧಗಳಿಗಿಂತ ಸದ್ದು, ಬೆಳಕು, ದಿನಚರಿಯ ಬದಲಾವಣೆಯ ಸುತ್ತ ಹೆಚ್ಚು ಕಂಡರೆ ವೈದ್ಯರ ಗಮನಕ್ಕೆ ತನ್ನಿ.

ಹಿರಿಯ ಸಿಸ್ಟರ್ ಜೊತೆ ವಾದಕ್ಕೆ ನಿಲ್ಲಬೇಡಿ. ಎರಡು ವಾರ ಬರೆದ ಹಾಳೆಗಳನ್ನು ಶಿಫ್ಟ್ ಬದಲಾಗುವ ಹ್ಯಾಂಡೋವರ್ ಹೊತ್ತಿಗೆ ಅವರ ಮುಂದಿಟ್ಟು, ಯಾವ ಗಂಟೆಯಲ್ಲಿ, ಏನಾದ ಮೇಲೆ ಹೆಚ್ಚುತ್ತಿದೆ ಎಂದು ಅವರನ್ನೇ ಕೇಳಿ.