ನಡುವೆ ಮಲಗುವ ಮಗು

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಮಗಳಿಗೆ ಎರಡೂವರೆ ವರ್ಷ. "ಎರಡನೇದು ನಿಲ್ತಾ ಇಲ್ಲ ಮೇಡಂ, ಏನಾದ್ರೂ ಟೆಸ್ಟ್ ಬರ್ಕೊಡಿ. ಅತ್ತೆ ದಿನಾ ಕೇಳ್ತಾರೆ" ಎಂದರು ಆಕೆ. ತಿಂಗಳಲ್ಲಿ ಎಷ್ಟು ಸಲ ಸೇರುತ್ತೀರಿ ಎಂದು ಕೇಳಿದೆ. ಮುಖ ಮುಖ ನೋಡಿಕೊಂಡರು. "ಮಗಳು ನಮ್ಮ ಮಧ್ಯೆ ಮಲಗ್ತಾಳೆ. ನಾನು ಮಗ್ಗುಲು ಬದಲಾಯಿಸಿದ್ರೂ ಎದ್ದು ಕೂರ್ತಾಳೆ" ಎಂದರು ಗಂಡ. ನಾನು ಪೆನ್ನು ಕೆಳಗಿಟ್ಟೆ.

"ಇದಕ್ಕೆ ತಮ್ಮ ತಂಗಿ ಬೇಡ ಅಂತ ಕಾಣುತ್ತೆ" ಎಂದು ಮನೆಗಳಲ್ಲಿ ತಮಾಷೆ ಮಾಡ್ತಾರಲ್ವಾ, ಅದನ್ನೇ ಗಂಭೀರವಾಗಿ ವಾದಿಸಿದವರೂ ಇದ್ದಾರೆ. ಹಾರ್ವರ್ಡ್‌ನ ವಿಜ್ಞಾನಿ ಡೇವಿಡ್ ಹೇಗ್ 2014ರಲ್ಲಿ ಹೀಗೆಂದರು: ಹಿಂದೆಲ್ಲ ಬೆನ್ನಿಗೇ ಇನ್ನೊಂದು ಹುಟ್ಟಿದರೆ ಮೊದಲ ಮಗುವಿನ ಜೀವಕ್ಕೇ ಕುತ್ತು. ರಾತ್ರಿ ಎದ್ದೆದ್ದು ಹಾಲು ಕುಡಿದು, ತಾಯಿ ಬೇಗ ಬಸಿರಾಗದಂತೆ ಮಾಡಿದ ಕೂಸುಗಳಿಗೆ ಬದುಕುವ ಅವಕಾಶ ಜಾಸ್ತಿಯಿತ್ತು. ಎಲ್ಲರೂ ಇದನ್ನು ಒಪ್ಪಿಲ್ಲ. ಮಗು ಹಸಿವಿಗೆ ಏಳುತ್ತದೆ ಅನ್ನುವುದಷ್ಟೇ ನನಗೂ ಸಾಕು.

ಆದರೆ ಹಾಲಿನ ಲೆಕ್ಕ ನಿಜ. ಮಗು ಹಾಲು ಚೀಪಿದಾಗ ತಾಯಿಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾಲು ತರಿಸುವ ಹಾರ್ಮೋನು ಏರುತ್ತದೆ, ರಾತ್ರಿ ಇನ್ನೂ ಜಾಸ್ತಿ. ಪದೇ ಪದೇ ಹಾಲೂಡಿಸುತ್ತಿದ್ದರೆ ಅಂಡಾಣು ಬಿಡುಗಡೆ ತಡವಾಗುತ್ತದೆ. ಮಗುವಿಗೆ 6 ತಿಂಗಳು ತುಂಬಿಲ್ಲ, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮುಟ್ಟು ಬಂದಿಲ್ಲ. ಈ ಮೂರೂ ಇದ್ದರೆ ಗರ್ಭ ನಿಲ್ಲುವ ಸಾಧ್ಯತೆ ಸುಮಾರು 2% ಮಾತ್ರ. ಒಂದು ತಪ್ಪಿದರೂ ನಂಬಬೇಡಿ. ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು. "ಹಾಲು ಕುಡಿಸ್ತಿದ್ದೀನಲ್ಲ" ಎಂದು ಧೈರ್ಯವಾಗಿದ್ದು, ಕಂಕುಳಲ್ಲಿ ಕೂಸಿನ ಜೊತೆ ಎರಡನೇ ಬಸಿರಿನಲ್ಲಿ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಲೂಡಿಸುವಾಗ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಕಡಿಮೆ. ಯೋನಿ ಒಣಗುತ್ತದೆ, ಸೇರಿದರೆ ಉರಿಯುತ್ತದೆ, ಆಸೆಯೂ ಇಳಿಯುತ್ತದೆ. ಗಂಡ ಅದನ್ನು ತಿರಸ್ಕಾರ ಅಂದುಕೊಳ್ಳುತ್ತಾನೆ. ಹೆಂಡತಿಗೆ ಮಗು ನಡುವೆ ಇರುವುದೇ ಒಂದು ನೆಪ. ಮಗುವಿನ ಮೇಲೆ ಸುಮ್ನೆ ತಪ್ಪು ಹೊರಿಸುತ್ತೇವೆ! ಈ ಉರಿಗೆ, ಸೇರುವಾಗ ಹಚ್ಚಿಕೊಳ್ಳುವ ನೀರಿನಂಶದ ಜೆಲ್ ಸಾಕಾಗುತ್ತದೆ. ಅದರಿಂದಲೂ ಆಗದಿದ್ದರೆ ವೈದ್ಯರ ಹತ್ತಿರ ಹೇಳಿಕೊಳ್ಳಿ. ಗರ್ಭ ನಿಲ್ಲಬೇಕು ಅನ್ನುವವರು ಮಾತ್ರ ಜೆಲ್ ಕೊಳ್ಳುವ ಮುಂಚೆ ಕೇಳಿ, ಕೆಲವು ಜೆಲ್‌ಗಳು ವೀರ್ಯಾಣುಗಳ ಓಟಕ್ಕೆ ಅಡ್ಡಿಯಾಗುತ್ತವೆ.

ಮಗು ಇನ್ನೂ ಚಿಕ್ಕದಾಗಿದ್ದರೆ ಅವಸರವೇನೂ ಇಲ್ಲ. ಹೆರಿಗೆಯಾಗಿ 24 ತಿಂಗಳಾದರೂ ಕಳೆದ ಮೇಲೆ ಮುಂದಿನದಕ್ಕೆ ಪ್ರಯತ್ನಿಸಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅವಸರ ಮಾಡುವ ಅತ್ತೆಯರಿಗೆ ಇದನ್ನು ನನ್ನ ಹೆಸರಲ್ಲೇ ಹೇಳಿ ಎನ್ನುತ್ತೇನೆ.

ಸಮಯ ಬಂದಾಗ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ವೀರ್ಯಾಣು 5 ದಿನದವರೆಗೂ ಬದುಕಿರಬಲ್ಲದು, ಅಂಡಾಣು ಹೆಚ್ಚೆಂದರೆ ಒಂದು ದಿನ. ರಾತ್ರಿಯೇ ಆಗಬೇಕೆಂದಿಲ್ಲ, ಹಾಸಿಗೆಯೇ ಬೇಕೆಂದೂ ಇಲ್ಲ. ಭಾನುವಾರ ಅಜ್ಜಿ ಮಗುವನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಒಂದು ಗಂಟೆ ಸಿಕ್ಕಿತಲ್ಲ. ಮಗುವನ್ನು ಏಕಾಏಕಿ ಬೇರೆ ಕೋಣೆಗೆ ಕಳಿಸಬೇಡಿ. ಮೊದಲು ನಡುವಿನಿಂದ ಅಮ್ಮನ ಇನ್ನೊಂದು ಪಕ್ಕಕ್ಕೆ, ಆಮೇಲೆ ಅದೇ ಕೋಣೆಯಲ್ಲಿ ಪುಟ್ಟ ಹಾಸಿಗೆಗೆ. ಹೀಗೆ ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಟೆಸ್ಟ್ ನೋಡೋಣ. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು ಸಾಕು.

ಎರಡು ತಿಂಗಳ ಮೇಲೆ ಅವರು ಮತ್ತೆ ಬಂದರು. ಮಗಳು ಈಗ ಗೋಡೆ ಪಕ್ಕ ಮಲಗುತ್ತಾಳಂತೆ. "ನಡುವೆ?" ಎಂದೆ. "ಅವಳ ಗೊಂಬೆನ ಮಲಗಿಸಿದ್ದಾಳೆ" ಎಂದರು ಗಂಡ.